ಬೆಳ್ಳಿ ಪೆನ್ನಿನ ಮೇಲಿನ ಕಪ್ಪು ಕೊಳೆಯಲ್ಲ

ಶಿವಮೊಗ್ಗದಿಂದ ಬರೋ ರೈಲು ಹಳಿ ಮುಗಿಯುವ ತಾಳಗುಪ್ಪದಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆ ರಾಜರ ಬಗ್ಗೆ ಅಲ್ಲ, ಯುದ್ಧದ ಬಗ್ಗೆನೂ ಅಲ್ಲ. ಹಳೇ ಬೆಳ್ಳಿ ಪೆನ್ನಿನ ಮೇಲೆ ಕೂರುತ್ತಲ್ಲ, ಆ ಕಪ್ಪು ಬಣ್ಣದ ಬಗ್ಗೆ.

ಬೆಳ್ಳಿ ಕಪ್ಪಾಯ್ತು ಅಂದ್ರೆ ನಮ್ಮ ಕೈ ಮೊದಲು ಹೋಗೋದು ವಿಭೂತಿಗೆ. ಹಬ್ಬದ ಹಿಂದಿನ ದಿನ ದೀಪ, ತಟ್ಟೆ, ಲೋಟ ಎಲ್ಲವನ್ನೂ ಉಜ್ಜಿ ಫಳಫಳ ಮಾಡ್ತೀವಿ. ದೇವರ ಪಾತ್ರೆಗೆ ಅದು ಸರಿ. ಪೆನ್ನಿಗೂ ಸರಿಯಾ?

ಮೊದಲು ಆ ಕಪ್ಪು ಏನು ಅಂತ ನೋಡೋಣ. ಗಾಳಿಯಲ್ಲಿರೋ ಗಂಧಕದ ಅಂಶ ತಾಗಿ ಬೆಳ್ಳಿಯ ಮೇಲ್ಪದರ ಸಿಲ್ವರ್ ಸಲ್ಫೈಡ್ ಆಗುತ್ತೆ. ಶುರುವಿಗೆ ತಿಳಿ ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ತೇವ ಇದ್ದಷ್ಟೂ ಬೇಗ ಆಗುತ್ತೆ, ಹಾಗಾಗಿ ನಮ್ಮ ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ಪೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಅಲ್ಲೊಂದು ಕಪ್ಪು ಪಟ್ಟಿನೇ ಬೀಳುತ್ತೆ, ಯಾಕಂದ್ರೆ ರಬ್ಬರಿನಲ್ಲೂ ಗಂಧಕ ಇದೆ. ಹಳೇ ಪೆನ್ನುಗಳ ಎಬೊನೈಟ್ ಮೈ ಕೂಡ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರೇ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ನನ್ನ ತಲೆಯಲ್ಲಿ ಉಳಿದಿದ್ದು ಒಂದು ಅಂಕಿ. ಆ ಕಪ್ಪು ಪದರದ ತೂಕದಲ್ಲಿ ಶೇಕಡಾ 87ರಷ್ಟು ಬೆಳ್ಳಿಯೇ ಇರುತ್ತೆ. ಅಂದ್ರೆ ಉಜ್ಜಿದ ಬಟ್ಟೆಗೆ ಹತ್ತೋದು ಕೊಳೆ ಅಲ್ಲ, ಪೆನ್ನೇ. ಪ್ರತಿ ಸಲ ಉಜ್ಜಿದಾಗಲೂ ಕೆತ್ತಿದ ಹೆಸರು, ಹಾಲ್‌ಮಾರ್ಕ್ ಒಂದಿಷ್ಟು ಸವೀತಾವೆ.

ಸಾಗರದ ಪಕ್ಕದ ಕೆಳದಿಯ ಮ್ಯೂಸಿಯಂನಲ್ಲಿ ತಾಳೆಗರಿಗಳಿವೆ. ತಾಳೆಗರಿಯಲ್ಲಿ ಬರೆಯೋದು ಅಂದ್ರೆ ಕಬ್ಬಿಣದ ಕಂಠದಿಂದ ಕೊರೆಯೋದು. ಬರೀ ಕೊರೆದರೆ ಅಕ್ಷರ ಸರಿಯಾಗಿ ಕಾಣಲ್ಲ. ಮೇಲೆ ಮಸಿ ಸವರಿ ಒರೆಸಬೇಕು. ಆಗ ಗೀರಿನೊಳಗೆ ಮಸಿ ಉಳಿದು ಅಕ್ಷರ ಏಳುತ್ತೆ. ಬೆಳ್ಳಿ ಪೆನ್ನಿನ ಕೆತ್ತನೆಯೂ ಹಾಗೇ, ಗೀರಿನಲ್ಲಿ ಕಪ್ಪು ನಿಂತರೆ ಚೆನ್ನಾಗಿ ಓದೋಕೆ ಬರುತ್ತೆ. 1963ರಲ್ಲಿ ಪಾರ್ಕರ್ ಕಂಪನಿ ತನ್ನ 75ನೇ ವರ್ಷಕ್ಕೆ ತಂದ ‘ಪಾರ್ಕರ್ 75’ ಬೆಳ್ಳಿ ಪೆನ್ನಿನ ಮೈತುಂಬಾ ಚೌಕಳಿ ಗೆರೆಗಳು. ಆ ಗೆರೆಗಳಲ್ಲಿ ಕಪ್ಪಿದ್ದರೇನೇ ಅದರ ಚೆಂದ. 1965ರಲ್ಲಿ ಅದೇ ಕಂಪನಿ, 1715ರಲ್ಲಿ ಫ್ಲೋರಿಡಾ ತೀರದಲ್ಲಿ ಮುಳುಗಿದ ಸ್ಪೇನಿನ ಹಡಗುಗಳ ಬೆಳ್ಳಿಯಿಂದ 4,821 ಪೆನ್ನು ಮಾಡಿ ಮಾರಿತು. ಜನ ಕೊಂಡಿದ್ದು ಬೆಳ್ಳಿಯನ್ನಷ್ಟೇ ಅಲ್ಲ, ಅದರ ಹಿಂದಿನ ಕಥೆಯನ್ನೂ.

ಇದೆಲ್ಲ ಈಗ್ಯಾಕೆ ಅಂತೀರಾ? ಬೆಳ್ಳಿ ಕೆಜಿಗೆ ಲಕ್ಷ ದಾಟಿದ ಮೇಲೆ ಹಳೇ ಬೆಳ್ಳಿ ಕರಗೋಕೆ ಹೋಗ್ತಿದೆ. ನಮ್ಮನೆ ಹಿಸ್ಸೆಯಲ್ಲೂ ಅಜ್ಜನ ಪೆನ್ನು ತಟ್ಟೆ, ಲೋಟದ ಜೊತೆ ತಕ್ಕಡಿ ಹತ್ತಿತ್ತು. ಕ್ಯಾಪಿನ ಬೆಳ್ಳಿ ಹತ್ತು ಗ್ರಾಂ ಕೂಡ ಇಲ್ಲ. ಅಜ್ಜ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಿದ್ದವರು. ಕ್ಯಾಪನ್ನು ಪೆನ್ನಿನ ಹಿಂದಕ್ಕೆ ಸಿಕ್ಕಿಸಿ ಬರೆಯೋದು ಅವರ ರೂಢಿ. ಹೆಬ್ಬೆರಳಿನ ಸಂದಿಗೆ ಒರಗುತ್ತಿದ್ದ ಬದಿ ಸವೆದು ನುಣ್ಣಗಾಗಿದೆ, ಉಳಿದ ಮೈಗಿಂತ ತಿಳಿಯಾಗಿದೆ. ಕ್ಲಿಪ್ಪಿನ ಅಡಿ ಕಡುಕಪ್ಪು. ಅಜ್ಜನ ಕೈ ಎಲ್ಲಿ ತಾಗುತ್ತಿತ್ತು ಅಂತ ಹೇಳೋ ಬೇರೆ ವಸ್ತು ನಮ್ಮನೆಯಲ್ಲಿ ಇಲ್ಲ. ತಕ್ಕಡಿಗೆ ಇದು ಗೊತ್ತಾಗಲ್ಲ. ನನ್ನ ಪಾಲಿನ ಲೋಟ ಬಿಟ್ಟುಕೊಟ್ಟು ಪೆನ್ನು ತಗೊಂಡೆ.

ನಿಮ್ಮಲ್ಲೂ ಇಂಥ ಪೆನ್ನಿದ್ದರೆ ವಿಭೂತಿ ಬೇಡ, ಅಡುಗೆ ಸೋಡಾ ಹಾಕಿದ ನೀರಲ್ಲಿ ಅಲ್ಯುಮಿನಿಯಂ ಹಾಳೆ ಜೊತೆ ಮುಳುಗಿಸೋದೂ ಬೇಡ. ಆ ಉಪಾಯದಲ್ಲಿ ಬೆಳ್ಳಿ ಉಳಿಯುತ್ತೆ ನಿಜ, ಆದ್ರೆ ಗೀರಿನೊಳಗಿನ ಕಪ್ಪೂ ಹೋಗುತ್ತೆ. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒರೆಸಿ, ರಬ್ಬರ್ ಬ್ಯಾಂಡ್ ತೆಗೆದಿಡಿ. ಎಲ್ಲಕ್ಕಿಂತ ಒಳ್ಳೇದು, ಇಂಕು ತುಂಬಿ ಬರೀರಿ. ಅಜ್ಜನ ಗುರುತಿನ ಪಕ್ಕ ನಿಮ್ಮದೂ ಒಂದು ಬೀಳಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.