ಮಣೆಯ ಮೇಲಿನ ಯುದ್ಧ

ಚದುರಂಗವು ಯುದ್ಧದ ಆಟವೆಂಬುದನ್ನು ಅದರ ಹೆಸರೇ ಸಾರುತ್ತದೆ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ಆ ಹೆಸರು ಬಂದಿತು. ಆದರೆ ಅರುವತ್ತನಾಲ್ಕು ಮನೆಗಳ ಆ ರಣಭೂಮಿಯಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕೆಸರಿಲ್ಲ. ಎದುರಾಳಿಯ ಬಲವೆಲ್ಲವೂ ಕಣ್ಣ ಮುಂದೆಯೇ ಇರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರವರು ಇಂಥ ಮಣೆಯಾಟಗಳಲ್ಲಿ ಎಷ್ಟು ಬಗೆಯ ಚಮತ್ಕಾರಗಳನ್ನು ಕಲ್ಪಿಸಿದರೆಂಬುದು ಮೈಸೂರಿನ ಶ್ರೋತೃಗಳಿಗೆ ಹೊಸ ಸಂಗತಿಯಲ್ಲ. ಅವು ಬುದ್ಧಿಯ ವಿಲಾಸಗಳು. ಜರ್ಮನಿಯಲ್ಲಿಯಾದರೋ, ಅವರ ಕಾಲಕ್ಕೆ ತುಸು ಹಿಂದಿನಿಂದಲೇ ಕೆಲವರು ಬೇರೊಂದು ಪ್ರಶ್ನೆಯನ್ನು ಹಿಡಿದಿದ್ದರು. ಮಣೆಯ ಮೇಲೆ ಕಲಿತುದು ರಣರಂಗದಲ್ಲಿ ಕೆಲಸಕ್ಕೆ ಬಂದೀತೆ?

ಆ ಹಳೆಯ ಯುದ್ಧದಾಟಗಳನ್ನು ಇಂದು ಆಡಿ ನೋಡಿ ಅವುಗಳ ಬೆಲೆ ಕಟ್ಟುವವರು ಉಂಟು. ಅವರಲ್ಲಿ ಬಹುಮಂದಿ, ಕಾಯಿಗಳು ಎಷ್ಟು ಬಗೆಯವು, ನಿಯಮಗಳು ಎಷ್ಟು ಸೂಕ್ಷ್ಮವಾದುವು ಎಂಬುದನ್ನು ಎಣಿಸುತ್ತಾರೆ. ನನಗೆ ತೋರುವಂತೆ, ಎಣಿಸತಕ್ಕುದು ಅದಲ್ಲ. ಆಟವು ಆಡುವವನಿಂದ ಏನನ್ನು ಮರೆಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಬ್ರನ್ಸ್‌ವಿಕ್ಕಿನ ಗಣಿತಜ್ಞ ಹೆಲ್‌ವಿಗ್ ಎಂಬವನು 1780ರಲ್ಲಿ ಚದುರಂಗವನ್ನೇ ಹಿಗ್ಗಿಸಿ, 1617 ಮನೆಗಳುಳ್ಳ ಮಣೆಯೊಂದನ್ನು ರಚಿಸಿದನು. ನೆಲದ ಸ್ವರೂಪಕ್ಕೆ ತಕ್ಕಂತೆ ಮನೆಗಳಿಗೆ ಬಣ್ಣವಿದ್ದಿತು, ಫಿರಂಗಿಗಳೂ ಇದ್ದುವು. ಆದರೂ ಅದು ಚದುರಂಗದ ಮಗುವೇ ಸರಿ. ಇಬ್ಬರಿಗೂ ಎಲ್ಲವೂ ಕಾಣುತ್ತಿದ್ದಿತು.

ಪ್ರಷ್ಯದ ಬ್ಯಾರನ್ ಫಾನ್ ರೈಸ್‌ವಿಟ್ಸನು 1812ರಲ್ಲಿ ತನ್ನ ದೊರೆಗೆ ಒಂದು ವಿಚಿತ್ರವಾದ ಮೇಜನ್ನು ಒಪ್ಪಿಸಿದನು. ಬೆಟ್ಟ, ಕಾಡು, ನದಿಗಳನ್ನು ಉಬ್ಬಿಸಿ ಬಣ್ಣ ಕೊಟ್ಟ ಬಿಲ್ಲೆಗಳನ್ನು ಅದರ ಮೇಲೆ ಬೇಕಾದಂತೆ ಜೋಡಿಸಿ ಹೊಸ ಹೊಸ ನಾಡುಗಳನ್ನು ಮಾಡಿಕೊಳ್ಳಬಹುದಾಗಿದ್ದಿತು. ಅರಮನೆಗೆ ಒಪ್ಪುವ ವಸ್ತು. ಅದನ್ನು ಸೈನ್ಯಕ್ಕೆ ಒಪ್ಪುವಂತೆ ಮಾಡಿದವನು ಅವನ ಮಗ. ಫಿರಂಗಿದಳದಲ್ಲಿ ಲೆಫ್ಟಿನೆಂಟನಾಗಿದ್ದ ಇವನು 1824ರಲ್ಲಿ ಪ್ರಕಟಿಸಿದ ಆಟಕ್ಕೆ ಮನೆಗಳೇ ಇಲ್ಲ. ನೆಲದ ಮೇಲಿನ 8000 ಅಡಿಯನ್ನು ಒಂದು ಅಡಿಯಾಗಿ ತೋರಿಸುವ ನಕ್ಷೆಯೇ ಮಣೆ. ಒಂದು ಪಕ್ಷಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಕಾಯಿಗಳು. ಒಂದು ಸರದಿಯೆಂದರೆ ಯುದ್ಧದ 2 ನಿಮಿಷಗಳ ಕಾಲ.

ಈ ಆಟದ ಜೀವವಿರುವುದು ಮಧ್ಯಸ್ಥನಲ್ಲಿ. ಆಡುವವನು ಕಾಯಿಯನ್ನು ಮುಟ್ಟಿ ನಡೆಸುವುದಿಲ್ಲ. ಆಜ್ಞೆಯನ್ನು ಚೀಟಿಯಲ್ಲಿ ಬರೆದು ಮಧ್ಯಸ್ಥನ ಕೈಗೆ ಕೊಡುತ್ತಾನೆ. ಆಜ್ಞೆಯನ್ನು ಒಯ್ಯುವ ಸವಾರನು ಆ ದೂರವನ್ನು ಕ್ರಮಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಸರದಿಗಳು ಕಳೆದ ಬಳಿಕವೇ ಮಧ್ಯಸ್ಥನು ಅದನ್ನು ನಡೆಸುತ್ತಾನೆ. ಗುಡ್ಡದ ಹಿಂದಿರುವ ಶತ್ರುವಿನ ಕಾಯಿಯನ್ನು ಅವನು ನಕ್ಷೆಯ ಮೇಲೆ ಇಡುವುದೇ ಇಲ್ಲ. ಕಣ್ಣಿಗೆ ಬೀಳುವ ಜಾಗಕ್ಕೆ ಅದು ಬಂದಾಗ ಮಾತ್ರ ಇಡುತ್ತಾನೆ. ಬಂದೂಕಿನ ಏಟು ಎಷ್ಟು ದೂರದಲ್ಲಿ ಎಷ್ಟು ತಾಗುವುದೆಂಬುದಕ್ಕೆ ಷಾರ್ನ್‌ಹಾರ್ಸ್ಟ್ ಸೇನಾನಿಯು ನಡೆಯಿಸಿದ್ದ ಪರೀಕ್ಷೆಗಳ ಲೆಕ್ಕವನ್ನು ಆಧಾರವಾಗಿಟ್ಟುಕೊಂಡರೂ, ಕೊನೆಯ ಮಾತನ್ನು ದಾಳಕ್ಕೆ ಬಿಟ್ಟಿದೆ. ಇದರ ನಿಯಮಗಳು 1980ರ ದಶಕದಲ್ಲಿ ಇಂಗ್ಲಿಷಿಗೆ ಬಂದುದರಿಂದ ಈಗಲೂ ಇದನ್ನು ಆಡುವವರು ಇದ್ದಾರೆ. ಚದುರಂಗದಲ್ಲಿ ಪಳಗಿದವನು ಇದಕ್ಕೆ ಕುಳಿತರೆ ಕಂಗೆಡುವುದು ಖಂಡಿತ. ಅವನ ಚೀಟಿ ತಲಪುವಷ್ಟರಲ್ಲಿ ಅದನ್ನು ಬರೆದ ಸಂದರ್ಭವೇ ಕಳೆದಿರುತ್ತದೆ.

ಪ್ರಷ್ಯದ ಸೇನೆಯ ಮುಖ್ಯಾಧಿಕಾರಿ ಮ್ಯೂಫ್ಲಿಂಗನು ಈ ಆಟವನ್ನು ಮೊದಲು ಉದಾಸೀನವಾಗಿಯೇ ನೋಡತೊಡಗಿ, ನೋಡನೋಡುತ್ತ ಉತ್ಸಾಹಗೊಂಡು, ಇದು ಆಟವಲ್ಲ, ಯುದ್ಧದ ಪಾಠಶಾಲೆ ಎಂದನೆಂದು ಪ್ರಸಿದ್ಧಿಯಿದೆ. ಅದೇ ವರ್ಷ ಅವನು ಸೈನಿಕ ಪತ್ರಿಕೆಯಲ್ಲಿ ಇದನ್ನು ಶಿಫಾರಸು ಮಾಡಿದನು. ಆದರೆ ಆಟದ ಕರ್ತೃವಿಗೆ ಆ ಭಾಗ್ಯವು ಫಲಿಸಲಿಲ್ಲ. ಅವನನ್ನು ಟೋರ್ಗೌ ಕೋಟೆಗೆ ವರ್ಗ ಮಾಡಿದರು. 1827ರಲ್ಲಿ ಅವನು ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು.

ನಿಯಮಗಳ ಹೊರೆ ಹೆಚ್ಚೆಂಬ ದೂರು ಬರಬರುತ್ತ ಬಲವಾಯಿತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ದಾಳವನ್ನೂ ಕೋಷ್ಟಕಗಳನ್ನೂ ಬದಿಗೊತ್ತಿ, ಅನುಭವಶಾಲಿಯಾದ ಮಧ್ಯಸ್ಥನ ತೀರ್ಪೇ ಸಾಕೆಂದನು. ಆಟವೇನೋ ಚುರುಕಾಯಿತು. ಆದರೆ ದಾಳಕ್ಕೆ ದಾಕ್ಷಿಣ್ಯವಿಲ್ಲ, ಮನುಷ್ಯನಿಗೆ ಉಂಟು.

1942ರ ಮೇ ತಿಂಗಳಲ್ಲಿ ಯಮಾಟೊ ಎಂಬ ಯುದ್ಧನೌಕೆಯ ಮೇಲೆ ಜಪಾನೀಯರು ಮಿಡ್‌ವೇ ದಂಡಯಾತ್ರೆಯನ್ನು ಆಡಿ ನೋಡಿದರು. ಫುಚಿದಾ ಎಂಬ ನೌಕಾಧಿಕಾರಿಯು ಬರೆದಿಟ್ಟಿರುವಂತೆ, ದ್ವೀಪದಿಂದ ಹಾರಿಬಂದ ಅಮೆರಿಕದ ವಿಮಾನಗಳ ಒಂಬತ್ತು ಬಾಂಬುಗಳು ತಾಗಿದುವೆಂದೂ ಎರಡು ವಿಮಾನವಾಹಕ ನೌಕೆಗಳು ಮುಳುಗಿದುವೆಂದೂ ದಾಳವು ಹೇಳಿತು. ಆಗ ಉಗಾಕಿ ಸೇನಾನಿಯು ಒಂಬತ್ತನ್ನು ಮೂರಕ್ಕೆ ಇಳಿಸಿದನು. ಮುಳುಗಿದುದು ಒಂದೇ ಆಯಿತು. ಆ ಒಂದು ಕೂಡ ಮುಂದಿನ ಆಟದಲ್ಲಿ ಮತ್ತೆ ತೇಲಿಬಂದಿತು. ಜೂನ್ ತಿಂಗಳ ನಿಜವಾದ ಕದನದಲ್ಲಿ ನಾಲ್ಕು ಮುಳುಗಿದುವು. ದಾಳವು ಭವಿಷ್ಯ ನುಡಿದಿತ್ತೆಂದು ಇದರಿಂದ ಹೇಳುವುದು ಸರಿಯಲ್ಲ. ಅವನ್ನು ಮುಳುಗಿಸಿದುವು ಸಮುದ್ರದ ಮೇಲಿನ ನೌಕೆಗಳಿಂದ ಎದ್ದುಬಂದ ವಿಮಾನಗಳೇ ಹೊರತು ದ್ವೀಪದವಲ್ಲ. ಆ ಅಮೆರಿಕನ್ ನೌಕೆಗಳು ಎಲ್ಲಿದ್ದುವೆಂಬುದೇ ಜಪಾನೀಯರಿಗೆ ತಿಳಿಯದಿದ್ದ ಸಂಗತಿ.

ಮನೆಮನೆಗಳಲ್ಲಿ ಆಡಲು ಅಂಗಡಿಯಲ್ಲಿ ಕೊಳ್ಳಬಹುದಾದ ಆಟಗಳನ್ನು ಅಮೆರಿಕದಲ್ಲಿ ರೂಢಿಗೆ ತಂದವನು ಬಾಲ್ಟಿಮೋರಿನ ಚಾರ್ಲ್ಸ್ ರಾಬರ್ಟ್ಸ್. ಅವನು 1958ರಲ್ಲಿ ಹೊರತಂದ ಆಟದ ವಸ್ತು 1863ರ ಗೆಟಿಸ್‌ಬರ್ಗ್ ಕದನ. ಕಾಯಿಗಳು ಅಂದಿನ ದಳಗಳ ಹೆಸರುಗಳನ್ನು ಹೊತ್ತಿವೆ. ಯಾವ ದಳವು ಯಾವ ಹೊತ್ತಿಗೆ ಬಂದಿತೋ ಅದೇ ಹೊತ್ತಿಗೆ ಮಣೆಗೆ ಬರುತ್ತದೆ. ಚರಿತ್ರೆಗೆ ನಿಷ್ಠವಾದ ಆಟವೆಂದು ಮೆಚ್ಚುವಂತಿದೆ. ಆದರೆ ದಳಗಳು ಬರುವ ವೇಳೆಯನ್ನು ಆಡುವವರಿಬ್ಬರೂ ಮೊದಲೇ ಓದಿಕೊಂಡಿರುತ್ತಾರಲ್ಲ! ಅಂದು ಲೀ ಸೇನಾನಿಯ ಬಳಿ ಸ್ಟೂವರ್ಟನ ಕುದುರೆಯ ದಂಡು ಇರಲಿಲ್ಲ. ಎದುರಿನ ಸೈನ್ಯವು ಎಷ್ಟು ಹತ್ತಿರ ಬಂದಿದೆಯೆಂದು ತಿಳಿಯದೆಯೇ ಅವನು ಕದನಕ್ಕೆ ಸಿಕ್ಕಿಬಿದ್ದನು. ಅವನಿಗೆ ಇಲ್ಲದಿದ್ದ ವೇಳಾಪಟ್ಟಿ ನಮಗೆ ಪೆಟ್ಟಿಗೆಯೊಳಗೇ ದೊರೆಯುತ್ತದೆ. ಇದನ್ನು ಕಂಡುಕೊಂಡ ಕೆಲವು ಆಟಗಾರರು ಇಂಥ ಆಟಗಳಿಗೆ ಎರಡು ಮಣೆಗಳನ್ನು ಇಟ್ಟು, ನಡುವೆ ತೆರೆ ಕಟ್ಟಿ, ಮೂರನೆಯವನೊಬ್ಬನನ್ನು ಮಧ್ಯಸ್ಥನಾಗಿ ಕೂರಿಸಿಕೊಳ್ಳುತ್ತಾರೆ.