ಹತ್ತಿ ಬಟ್ಟೆಯ ಶುದ್ಧೀಕರಣಕ್ಕೆ ಕಿಣ್ವ: ಕಾಸ್ಟಿಕ್ ಸೋಡಾಕ್ಕೊಂದು ಪರ್ಯಾಯ

ಮಗ್ಗದಿಂದ ಆಗತಾನೆ ಇಳಿದ ಕೋರಾ ಹತ್ತಿ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಒಳಗಿಳಿಯದೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ನಿಲ್ಲುತ್ತದೆ. ಹತ್ತಿಯ ಎಳೆಯಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ನೀರನ್ನು ಹೀರಬಲ್ಲ ಸೆಲ್ಯುಲೋಸ್ ಆಗಿದ್ದರೂ, ಅದರ ಹೊರಪದರದಲ್ಲಿ ಮೇಣ, ಪೆಕ್ಟಿನ್, ಪ್ರೋಟೀನ್ ಹಾಗೂ ಖನಿಜಾಂಶಗಳು ಸೇರಿಕೊಂಡಿರುವುದೇ ಇದಕ್ಕೆ ಕಾರಣ. ಈ ಪದರವನ್ನು ತೆಗೆಯದ ಹೊರತು ಬಟ್ಟೆಗೆ ಬಣ್ಣ ಸಮನಾಗಿ ಹಿಡಿಯದು. ಅದನ್ನು ತೆಗೆಯುವ ಕ್ರಿಯೆಗೆ ಗಿರಣಿಗಳಲ್ಲಿ ಸ್ಕೌರಿಂಗ್ ಎಂದು ಹೆಸರು.

ಸಾಂಪ್ರದಾಯಿಕ ವಿಧಾನದಲ್ಲಿ ಬಟ್ಟೆಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಬೇಯಿಸಲಾಗುತ್ತದೆ. ಕ್ಷಾರವು ಮೇಣ, ಪೆಕ್ಟಿನ್, ಪ್ರೋಟೀನ್ ಎಂಬ ಭೇದವಿಲ್ಲದೆ ಎಲ್ಲವನ್ನೂ ಕರಗಿಸುತ್ತದೆ. ಎಚ್ಚರ ತಪ್ಪಿದರೆ ಸೆಲ್ಯುಲೋಸ್‌ಗೂ ಹಾನಿಯಾಗಿ ನೂಲು ದುರ್ಬಲಗೊಳ್ಳುತ್ತದೆ. ಬಳಿಕ ಬಟ್ಟೆಯನ್ನು ಆಮ್ಲದಿಂದ ತಟಸ್ಥಗೊಳಿಸಿ ಹಲವು ಬಾರಿ ಜಾಲಿಸಬೇಕು. ಹೀಗೆ ಇಂಧನ, ನೀರು ಎರಡೂ ವ್ಯಯವಾಗುವುದಲ್ಲದೆ, ಹೊರಬೀಳುವ ತ್ಯಾಜ್ಯ ನೀರು ತೀವ್ರ ಕ್ಷಾರಯುಕ್ತವಾಗಿರುತ್ತದೆ.

ಕಿಣ್ವದ ವಿಧಾನ ಬೇರೆ. ಹೊರಪದರದಲ್ಲಿ ಪೆಕ್ಟಿನ್ ಅಂಟಿನಂತೆ ಕೆಲಸ ಮಾಡುತ್ತದೆ (ಸೀಬೆಹಣ್ಣಿನ ಜೆಲ್ಲಿಯನ್ನು ಗಟ್ಟಿಗೊಳಿಸುವುದೂ ಇದೇ ಪೆಕ್ಟಿನ್). ಪೆಕ್ಟಿನೇಸ್ ವರ್ಗಕ್ಕೆ ಸೇರಿದ ಪೆಕ್ಟೇಟ್ ಲೈಯೇಸ್ ಎಂಬ ಕಿಣ್ವವು ಈ ಅಂಟನ್ನಷ್ಟೇ ಕತ್ತರಿಸುತ್ತದೆ. ಸೆಲ್ಯುಲೋಸ್‌ನ ಗೊಡವೆಗೆ ಹೋಗುವುದಿಲ್ಲ. ಅಂಟು ಕಳಚಿದ ಮೇಲೆ ಉಳಿದ ಪದಾರ್ಥಗಳು ಸಡಿಲಗೊಂಡು, ಮುಂದಿನ ತೊಳೆತದಲ್ಲಿ ಹೊರಬರುತ್ತವೆ. ಇದಕ್ಕೆ ಸುಮಾರು 50ರಿಂದ 60 ಡಿಗ್ರಿ ಉಷ್ಣಾಂಶ ಮತ್ತು ಸೌಮ್ಯ ಕ್ಷಾರತೆ ಸಾಕು.

ಜವಳಿಗೆ ಕಿಣ್ವ ಹೊಸತೇನಲ್ಲ. ಹಾಸು ನೂಲಿಗೆ ಹಚ್ಚಿದ ಗಂಜಿಯನ್ನು ತೆಗೆಯಲು ಅಮೈಲೇಸ್ ಬಳಕೆ ಸುಮಾರು ನೂರು ವರ್ಷಗಳಿಂದ ನಡೆದುಬಂದಿದೆ. ಸ್ಕೌರಿಂಗ್‌ಗೆ ಪೆಕ್ಟಿನೇಸ್ ಉದ್ಯಮದ ಮಟ್ಟದಲ್ಲಿ ಬಂದದ್ದು ಮಾತ್ರ ತೀರ ಈಚೆಗೆ. ಬಯೋಪ್ರಿಪರೇಷನ್ ಹೆಸರಿನ ವಿಧಾನಕ್ಕಾಗಿ ಡೆನ್ಮಾರ್ಕ್ ಮೂಲದ ನೊವೊಜೈಮ್ಸ್ ಕಂಪನಿಯ ಅಮೆರಿಕದ ಅಂಗಸಂಸ್ಥೆಗೆ 2001ರಲ್ಲಿ ಅಲ್ಲಿನ ಅಧ್ಯಕ್ಷೀಯ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಲಭಿಸಿತು. ಗಿರಣಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ತ್ಯಾಜ್ಯ ನೀರಿನ ಜೈವಿಕ ಆಮ್ಲಜನಕ ಬೇಡಿಕೆ ಶೇ. 25ರಷ್ಟು, ರಾಸಾಯನಿಕ ಆಮ್ಲಜನಕ ಬೇಡಿಕೆ ಶೇ. 40ರಷ್ಟು ಇಳಿದಿತ್ತು.

ಇಷ್ಟಾದರೂ ಕಾಸ್ಟಿಕ್ ಸೋಡಾ ಗಿರಣಿಗಳಿಂದ ಮರೆಯಾಗಿಲ್ಲ. ಪೆಕ್ಟಿನೇಸ್ ಮೇಣವನ್ನು ಮುಟ್ಟುವುದಿಲ್ಲ. ಅದನ್ನು ಕರಗಿಸಲು ಕಿಣ್ವದ ಕೆಲಸ ಮುಗಿದ ಮೇಲೆ ಇನ್ನಷ್ಟು ಬಿಸಿನೀರು, ಮಾರ್ಜಕ ಬೇಕು. ಹತ್ತಿಬೀಜದ ಸಿಪ್ಪೆಯ ಕಂದು ಚುಕ್ಕೆಗಳೂ ಹಾಗೆಯೇ ಉಳಿಯುತ್ತವೆ, ಬಿಳುಪು ಸಾಲದು. ಆದುದರಿಂದ ಕಡು ಬಣ್ಣದ ಬಟ್ಟೆಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಬಿಳಿ ಪಂಚೆಗೆ, ತಿಳಿ ಬಣ್ಣದ ಅಂಗಿಗೆ ಹೈಡ್ರೋಜನ್ ಪೆರಾಕ್ಸೈಡ್‌ನ ಚಲುವೆ ತಪ್ಪದು. ಕಿಣ್ವದಿಂದ ತೊಳೆದ ಮಾತ್ರಕ್ಕೆ ಬಟ್ಟೆಯನ್ನು ‘ಪರಿಸರಸ್ನೇಹಿ’ ಎಂದು ಕರೆಯುವುದು ಅತಿಶಯೋಕ್ತಿಯೇ ಸರಿ. ಏಕೆಂದರೆ ಹತ್ತಿಗೆ ಬಣ್ಣ ಹಿಡಿಸಲು ಬಳಸುವ ಉಪ್ಪು ನೀರಿನಲ್ಲಿ ಹಾಗೆಯೇ ಉಳಿಯುತ್ತದೆ. ಅದಕ್ಕೆ ಕಿಣ್ವದಲ್ಲಿ ಪರಿಹಾರವಿಲ್ಲ.

ಆ ಉಪ್ಪಿನ ಪರಿಣಾಮವನ್ನು ತಮಿಳುನಾಡಿನ ತಿರುಪ್ಪೂರು ಕಂಡಿದೆ. ಅಲ್ಲಿನ ಬಣ್ಣದ ಮತ್ತು ಚಲುವೆಯ ಘಟಕಗಳ ನೀರು ಕಾವೇರಿಯ ಉಪನದಿ ನೊಯ್ಯಲ್‌ಗೆ ಸೇರಿ, ನೀರಾವರಿಗೆಂದು ಕಟ್ಟಿದ್ದ ಒರತ್ತುಪಾಳ್ಯಂ ಅಣೆಕಟ್ಟು ತ್ಯಾಜ್ಯದ ತೊಟ್ಟಿಯಾಯಿತು, ರೈತರ ಹೊಲಗಳು ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಈ ಘಟಕಗಳನ್ನು ಮುಚ್ಚಿಸಿತು. ತ್ಯಾಜ್ಯ ನೀರಿನ ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆ ಅಲ್ಲಿ ಅನಿವಾರ್ಯವಾಯಿತು.

ಇದರಿಂದ ಕಿಣ್ವದ ಲೆಕ್ಕಾಚಾರವೂ ಬದಲಾಯಿತು. ಹಿಂದೆ ಅಗ್ಗದ ಕಾಸ್ಟಿಕ್ ಸೋಡಾದ ಬೆಲೆಗೆ ಕಿಣ್ವದ ಬೆಲೆಯನ್ನು ಹೋಲಿಸಿ ಮಾಲೀಕರು ಹಿಂಜರಿಯಬಹುದಿತ್ತು. ಬಳಸಿದ ನೀರನ್ನೆಲ್ಲ ಪೊರೆಗಳ ಮೂಲಕ ಸೋಸಿ, ಉಳಿದದ್ದನ್ನು ಕಾಯಿಸಿ ಆವಿಯಾಗಿಸಬೇಕಾದ ಗಿರಣಿಗೆ ಮಾತ್ರ, ಜಾಲಿಸುವಾಗ ಉಳಿದ ಪ್ರತಿಯೊಂದು ಲೀಟರ್ ನೀರೂ ಉಳಿದ ಹಣವೇ ಆಗಿರುತ್ತದೆ.