ಕಚ್ಚಾ ಫಿಲ್ಮಿನ ಪಡಿತರ: ವಿದ್ಯಾರ್ಥಿ ಕಿರುಚಿತ್ರದ ಪೂರ್ವೇತಿಹಾಸ

ಸಿನಿಮಾ ಶಾಲೆಯ ವಿದ್ಯಾರ್ಥಿ ತನ್ನ ಅಭ್ಯಾಸದ ಕೊನೆಯಲ್ಲಿ ಕಿರುಚಿತ್ರವೊಂದನ್ನು ಮಾಡುವುದು, ಮಾಡಿ ಮುಗಿಸಿದ ಮೇಲೆ ಅದು ಹೇಗೆ ರೂಪುಗೊಂಡಿತು, ಎಲ್ಲಿ ಕೈಕೊಟ್ಟಿತು, ಬರೆದುಕೊಂಡದ್ದಕ್ಕೂ ತೆರೆಯ ಮೇಲೆ ಬಂದದ್ದಕ್ಕೂ ಏಕೆ ಅಂತರ ಬಿತ್ತು ಎಂಬುದನ್ನು ಅಧ್ಯಾಪಕರ ಮುಂದೆ ಬಾಯಲ್ಲೋ ಬರಹದಲ್ಲೋ ಒಪ್ಪಿಸುವುದು ಇಂದು ಎಷ್ಟು ರೂಢಿಯ ಸಂಗತಿಯಾಗಿದೆಯೆಂದರೆ, ಈ ರೂಢಿಗೂ ಒಂದು ಚರಿತ್ರೆಯಿದೆ ಎಂಬುದು ನೆನಪಾಗುವುದೇ ಕಡಿಮೆ. ವಿದ್ಯಾರ್ಥಿ ಕಿರುಚಿತ್ರವನ್ನು ದೊಡ್ಡ ಚಿತ್ರದ ಸಣ್ಣ ಅಚ್ಚು ಎಂದೋ, ಚಿತ್ರರಂಗದ ಬಾಗಿಲು ತಟ್ಟಲು ಹಿಡಿದ ಗುರುತಿನ ಚೀಟಿ ಎಂದೋ ನೋಡುವ ವಾಡಿಕೆ ಬಹಳ ಈಚಿನದು. ಮೂಲದಲ್ಲಿ ಅದು ಸಂಗೀತದ ಪಾಠದಲ್ಲಿ ಬರುವ ಸ್ವರಾಭ್ಯಾಸದಂಥ ಒಂದು ಕಸರತ್ತು. ಅದರ ಅಳತೆಯನ್ನೂ ಶಿಸ್ತನ್ನೂ ನಿರ್ಧರಿಸಿದ್ದು ಕಲೆಯ ತತ್ತ್ವಗಳಿಗಿಂತ ಹೆಚ್ಚಾಗಿ ಕಚ್ಚಾ ಫಿಲ್ಮಿನ, ಅಂದರೆ ಇನ್ನೂ ಬೆಳಕು ಸೋಕದ ಖಾಲಿ ಸುರುಳಿಯ ಅಭಾವ.

ಈ ಮಾತಿಗೆ ಮೊದಲ ಸಾಕ್ಷ್ಯ ಸಿಗುವುದು ಮಾಸ್ಕೋದಲ್ಲಿ. 1919ರಲ್ಲಿ ಅಲ್ಲಿ ಆರಂಭವಾದ ರಾಜ್ಯ ಸಿನಿಮಾ ಶಾಲೆಯನ್ನು ಜಗತ್ತಿನಲ್ಲಿ ಸರ್ಕಾರವೊಂದು ತೆರೆದ ಮೊದಲ ಸಿನಿಮಾ ಶಾಲೆಯೆಂದು ಗುರುತಿಸಲಾಗುತ್ತದೆ. ಅಂತರ್ಯುದ್ಧ ಮತ್ತು ಆರ್ಥಿಕ ದಿಗ್ಬಂಧನದ ಕಾಲವಾದ್ದರಿಂದ ಹೊರಗಿನಿಂದ ಬರಬೇಕಾದ ಕಚ್ಚಾ ಫಿಲ್ಮು ಅಲ್ಲಿ ಚಿನ್ನಕ್ಕೆ ಸಮನಾಗಿತ್ತು. ವಿದ್ಯಾರ್ಥಿಗಳ ಕೈಗೆ ಅದನ್ನು ಕೊಡುವ ಮಾತೇ ಇರಲಿಲ್ಲ. ಅಲ್ಲಿ ಪಾಠ ಹೇಳುತ್ತಿದ್ದ ಲೆವ್ ಕುಲೆಶೋವ್ ಇದಕ್ಕೆ ಕಂಡುಕೊಂಡ ದಾರಿಯೇ ‘ಫಿಲ್ಮಿಲ್ಲದ ಚಿತ್ರ’ಗಳು: ದೃಶ್ಯಗಳನ್ನು ಕಾಗದದ ಮೇಲೆ ತುಂಡುತುಂಡಾಗಿ ಬರೆದುಕೊಂಡು, ಪ್ರತಿಯೊಂದು ತುಂಡನ್ನೂ ಕ್ಯಾಮೆರಾ ಎದುರಿಗಿದೆಯೆಂಬಂತೆ ವೇದಿಕೆಯ ಮೇಲೆ ಅಭಿನಯಿಸಿ, ಒಂದರಿಂದ ಇನ್ನೊಂದಕ್ಕೆ ದಾಟುವಾಗ ನೋಡುವವನ ಕಣ್ಣು ಎಲ್ಲಿಗೆ ಹೋಗಬೇಕೆಂಬುದನ್ನು ಅಲ್ಲಿಯೇ ಚರ್ಚಿಸಿ ತಿದ್ದಿಕೊಳ್ಳುವ ವ್ಯಾಯಾಮ ಅದು. ಬೇರೆಯವರು ಮಾಡಿದ ಹಳೆಯ ಚಿತ್ರಗಳನ್ನು ಕತ್ತರಿಸಿ ಮರುಜೋಡಿಸುವುದೂ ಪಾಠದ ಭಾಗವಾಗಿತ್ತು. ನಟನೊಬ್ಬನ ಒಂದೇ ಮುಖಭಾವದ ಪಕ್ಕದಲ್ಲಿ ಬೇರೆ ಬೇರೆ ವಸ್ತುಗಳನ್ನು ಇಟ್ಟಾಗ ಪ್ರೇಕ್ಷಕರಿಗೆ ಆ ಮುಖವೇ ಬದಲಾದಂತೆ ತೋರುತ್ತದೆ ಎಂದು ಕುಲೆಶೋವ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪ್ರಯೋಗ ಈ ವಾತಾವರಣದ ಕೂಸು. ಪುಡೋವ್ಕಿನ್ ಪಳಗಿದ್ದು ಇದೇ ಗರಡಿಯಲ್ಲಿ. ಮುಂದೆ 1948ರಲ್ಲಿ ಪೋಲೆಂಡಿನ ಊಜ್ ನಗರದಲ್ಲಿ ತೆರೆದ ಶಾಲೆಯೂ ವಿದ್ಯಾರ್ಥಿಗಳ ಕಿರುಚಿತ್ರವನ್ನು ಅಭ್ಯಾಸವೆಂದೇ ಕರೆಯಿತು. ಮಾತಿಲ್ಲದೆ ಕಥೆ ಹೇಳುವ ಅಂಥ ಅಭ್ಯಾಸಗಳ ಪರಂಪರೆಯಿಂದಲೇ 1958ರಲ್ಲಿ ರೋಮನ್ ಪೋಲನ್‌ಸ್ಕಿಯ ‘ಇಬ್ಬರು ಗಂಡಸರು ಮತ್ತು ಒಂದು ಬೀರು’ ಬಂದದ್ದು.

ಭಾರತದಲ್ಲಿ ಸಿನಿಮಾ ಕಲಿಕೆ ಬಹುಕಾಲ ಗುರುಕುಲದ ಮಾದರಿಯಲ್ಲಿಯೇ ನಡೆಯಿತು. ಸ್ಟುಡಿಯೋ ಸೇರಿದ ಹುಡುಗ ದೀಪ ಹೊತ್ತು, ಟ್ರಾಲಿ ತಳ್ಳಿ, ಕ್ಲ್ಯಾಪ್ ಹಿಡಿದು, ಹಿರಿಯರ ಬೈಗುಳ ಕೇಳುತ್ತಲೇ ಕಸುಬು ಕಲಿಯಬೇಕಿತ್ತು; ತನ್ನದೆಂದು ಹೇಳಿಕೊಳ್ಳುವ ಒಂದು ಷಾಟ್ ತೆಗೆಯುವಷ್ಟರಲ್ಲಿ ಅರ್ಧ ಆಯುಷ್ಯ ಕಳೆದಿರುತ್ತಿತ್ತು. ಇದಕ್ಕೆ ಹೊರತಾದ ಮೊದಮೊದಲ ಪ್ರಯತ್ನಗಳಲ್ಲಿ ಒಂದು ಮೈಸೂರು ಸಂಸ್ಥಾನದ್ದೆಂಬುದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲಿಯೇ ಛಾಯಾಗ್ರಹಣದ ಡಿಪ್ಲೊಮಾ ತರಗತಿ ನಡೆಯುತ್ತಿತ್ತು, ಮೈಸೂರಿನ ವಿ. ಕೆ. ಮೂರ್ತಿ 1946ರಲ್ಲಿ ಅಲ್ಲಿಂದ ಹೊರಬಂದು ಮುಂಬಯಿ ಸೇರಿ, ಗುರುದತ್ತರ ‘ಪ್ಯಾಸಾ’ ಮತ್ತು ‘ಕಾಗಜ್ ಕೆ ಫೂಲ್’ ಚಿತ್ರಗಳ ಬೆಳಕನ್ನು ರೂಪಿಸಿದರು. ಮುಂದೆ ಗೋವಿಂದ ನಿಹಲಾನಿಯವರೂ ಅಲ್ಲಿಯೇ ಓದಿದರು. ಆದರೆ ಆ ಶಾಲೆಯ ಗುರಿ ಯಂತ್ರವನ್ನು ಬಲ್ಲ ತಂತ್ರಜ್ಞನನ್ನು ತಯಾರು ಮಾಡುವುದಾಗಿತ್ತೇ ಹೊರತು, ತನ್ನ ಚಿತ್ರಕ್ಕೆ ತಾನೇ ಉತ್ತರ ಹೇಳಬೇಕಾದ ನಿರ್ದೇಶಕನನ್ನಲ್ಲ.

ಆ ಕೊರತೆಯನ್ನು ಸರ್ಕಾರದ ಗಮನಕ್ಕೆ ತಂದದ್ದು ಎಸ್. ಕೆ. ಪಾಟೀಲರ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ. 1949ರಲ್ಲಿ ನೇಮಕಗೊಂಡು 1951ರಲ್ಲಿ ವರದಿ ಕೊಟ್ಟ ಈ ಸಮಿತಿ ಚಿತ್ರ ನಿರ್ಮಾಣಕ್ಕೆ ಸಾಲ ಕೊಡುವ ನಿಗಮವೊಂದು, ತರಬೇತಿಗೆ ಸಂಸ್ಥೆಯೊಂದು ಬೇಕೆಂದು ಶಿಫಾರಸು ಮಾಡಿತು. ವರದಿ ಕಡತದಲ್ಲಿ ಸಾಕಷ್ಟು ಕಾಲ ಮಲಗಿದ್ದು, ಕೊನೆಗೆ 1960ರಲ್ಲಿ ಪುಣೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಅದಕ್ಕೆ ಒದಗಿದ ಜಾಗ ಬಾಗಿಲು ಮುಚ್ಚಿದ್ದ ಪ್ರಭಾತ್ ಫಿಲ್ಮ್ ಕಂಪನಿಯದು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಹುಡುಗನಾಗಿದ್ದಾಗ ದುಡಿದಿದ್ದ ವಿ. ಶಾಂತಾರಾಂ ತಮ್ಮ ಪಾಲುದಾರರೊಡನೆ ಕಟ್ಟಿದ, ‘ಸಂತ ತುಕಾರಾಂ’ ಚಿತ್ರೀಕರಣಗೊಂಡ ಸ್ಟುಡಿಯೋ ಅದು. ಹೀಗೆ ದೈತ್ಯ ಗಾತ್ರದ ಪೌರಾಣಿಕ ಸೆಟ್ಟುಗಳಿಗೆಂದು ಎತ್ತಿದ ಚಾವಣಿಗಳ ಕೆಳಗೆ ಹತ್ತು ಹದಿನೈದು ನಿಮಿಷದ ಚಿತ್ರಗಳ ವಿದ್ಯಾಭ್ಯಾಸ ಆರಂಭವಾಯಿತು.

ಕಟ್ಟಡಕ್ಕಿಂತ ಮುಖ್ಯವಾದದ್ದು ಅಲ್ಲಿ ನೆಲೆಗೊಂಡ ಎರಡು ಪಾಠಕ್ರಮಗಳು. 1960ರ ದಶಕದ ನಡುವಿನಲ್ಲಿ ಸ್ವಲ್ಪ ಕಾಲ ಮಾತ್ರ ಉಪಪ್ರಾಂಶುಪಾಲರಾಗಿದ್ದ ಋತ್ವಿಕ್ ಘಟಕ್, ಪುರಾಣ, ಜಾನಪದ, ಸಂಗೀತಗಳನ್ನು ಸಿನಿಮಾದೊಳಕ್ಕೆ ಎಳೆದುತರುವ ದಾರಿಯನ್ನು ಮಣಿ ಕೌಲ್, ಕುಮಾರ ಶಹಾನಿ, ಜಾನ್ ಅಬ್ರಹಾಂ ಮೊದಲಾದವರಿಗೆ ತೋರಿಸಿದರು. ಅವರ ಪಾಠದಷ್ಟೇ ಅವರ ಬದುಕೂ ದಂತಕಥೆಯಾಗಿದ್ದರಿಂದ ಸಂಸ್ಥೆಯ ಚರಿತ್ರೆ ಬರೆಯುವವರು ಘಟಕ್ ಬಳಿಯೇ ನಿಂತುಬಿಡುತ್ತಾರೆ. ಕಿರುಚಿತ್ರದ ಶಿಸ್ತನ್ನು ವರ್ಷಾನುವರ್ಷ ರೂಢಿಸಿದ್ದು ಮಾತ್ರ ಪ್ರೊಫೆಸರ್ ಸತೀಶ್ ಬಹಾದ್ದೂರರ ರಸಗ್ರಹಣದ ತರಗತಿ, ಮತ್ತು 1964ರಲ್ಲಿ ಪುಣೆಯಲ್ಲಿಯೇ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಪಿ. ಕೆ. ನಾಯರ್ ಒದಗಿಸುತ್ತಿದ್ದ ಚಿತ್ರಗಳು. ‘ಪಥೇರ್ ಪಾಂಚಾಲಿ’ಯನ್ನು ಷಾಟ್ ಷಾಟಾಗಿ ಬಿಡಿಸಿ ಓದುವ ಬಹಾದ್ದೂರರ ವಿಧಾನದಲ್ಲಿ ಪಳಗಿದ ವಿದ್ಯಾರ್ಥಿ ತನ್ನ ಚಿತ್ರವನ್ನೂ ಹಾಗೆಯೇ ಬಿಡಿಸಿ ಹೇಳಲು ಕಲಿಯಬೇಕಾಗಿತ್ತು, ‘ಯಾಕೋ ಹೀಗೆ ಬಂತು’ ಎಂಬ ಉತ್ತರಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಪಾಠಕ್ರಮ ಮೆಟ್ಟಿಲು ಮೆಟ್ಟಿಲಾಗಿತ್ತು. ಒಂದು ಕ್ರಿಯೆಯನ್ನು ಹಲವು ಷಾಟ್‌ಗಳಲ್ಲಿ ಒಡೆದು ತೋರಿಸಿದರೂ ಅದು ಒಂದೇ ಎಂಬ ಭಾವ ಕೆಡದಂತೆ ನೋಡಿಕೊಳ್ಳುವ ಕಂಟಿನ್ಯುಯಿಟಿ ಅಭ್ಯಾಸ, ಸಂಭಾಷಣೆಯ ಅಭ್ಯಾಸ, ಧ್ವನಿಮುದ್ರಿತ ಹಾಡಿಗೆ ತುಟಿ ಕೂಡಿಸುವ ಅಭ್ಯಾಸ, ಸಾಕ್ಷ್ಯಚಿತ್ರ ಎಲ್ಲ ದಾಟಿದ ಮೇಲೆ ಸಿಗುತ್ತಿದ್ದದ್ದು ಡಿಪ್ಲೊಮಾ ಚಿತ್ರ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಮಾಡುತ್ತಿದ್ದ ಈ ಚಿತ್ರವೇ ಎಲ್ಲರಿಗೂ ಕೊನೆಯ ಪರೀಕ್ಷೆ. ಇಲ್ಲಿ ಫಿಲ್ಮಿನ ಲೆಕ್ಕವನ್ನು ತುಸು ಬಿಡಿಸಿ ನೋಡಬೇಕು, ಏಕೆಂದರೆ ಆ ತಲೆಮಾರಿನ ವಿದ್ಯಾರ್ಥಿಯ ಆಲೋಚನೆಯೆಲ್ಲ ಈ ಲೆಕ್ಕದೊಳಗೇ ಸುತ್ತುತ್ತಿತ್ತು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ಒಂದು ನಿಮಿಷಕ್ಕೆ 90 ಅಡಿ ಬೇಕು. ಆದ್ದರಿಂದ 20 ನಿಮಿಷದ ಚಿತ್ರಕ್ಕೆ ಒಂದಂಗುಲವೂ ಹಾಳಾಗದೆ ಇದ್ದರೆ 1,800 ಅಡಿ ಸಾಕು. ಹಾಳಾಗದೆ ಇರುವುದು ಸಾಧ್ಯವಿಲ್ಲವಾದ್ದರಿಂದ ಬಳಸುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಇರಬಹುದಾದ ಅನುಪಾತವನ್ನು ಮೊದಲೇ ಗೊತ್ತುಮಾಡಲಾಗುತ್ತದೆ. ಉದಾಹರಣೆಗೆ ಒಂದಕ್ಕೆ ನಾಲ್ಕೆಂದು ಹಿಡಿದರೆ 7,200 ಅಡಿ, ಅಂದರೆ 80 ನಿಮಿಷದಷ್ಟು ಫಿಲ್ಮು. 400 ಅಡಿಯ ಮ್ಯಾಗಜಿನ್, ಅಂದರೆ ಕ್ಯಾಮೆರಾದ ನೆತ್ತಿಗೋ ಬೆನ್ನಿಗೋ ಕೂರಿಸುವ ಫಿಲ್ಮಿನ ಡಬ್ಬಿ, ನಾಲ್ಕೂವರೆ ನಿಮಿಷದೊಳಗೆ ಖಾಲಿಯಾಗುತ್ತಿತ್ತು. ನಟ ಮಾತು ಮರೆತರೆ, ಹಿನ್ನೆಲೆಯಲ್ಲಿ ನಾಯಿ ಬೊಗಳಿದರೆ, ಮೋಡ ಸೂರ್ಯನಿಗೆ ಅಡ್ಡ ಬಂದರೆ ಕಳೆದುಹೋಗುತ್ತಿದ್ದದ್ದು ಸಮಯ ಮಾತ್ರವಲ್ಲ, ಮತ್ತೆ ಸಿಗದ ಅಡಿಗಳು.

ಹೀಗಾಗಿ ಚಿತ್ರದ ಬಹುಪಾಲು ಕೆಲಸ ಕ್ಯಾಮೆರಾ ಹೊರಗೆ ಬರುವ ಮೊದಲೇ ಕಾಗದದ ಮೇಲೆ ಮುಗಿಯಬೇಕಿತ್ತು. ಕಥೆ, ಚಿತ್ರಕಥೆ, ಪ್ರತಿ ಷಾಟಿನ ವಿಂಗಡಣೆ, ನಟ ಎಲ್ಲಿ ನಿಂತು ಎಲ್ಲಿಗೆ ನಡೆಯುತ್ತಾನೆಂಬ ನೆಲದ ನಕ್ಷೆ, ಯಾವ ಮಸೂರ, ಎಷ್ಟು ಅಡಿ: ಇಷ್ಟನ್ನೂ ಬರೆದು ಒಪ್ಪಿಗೆ ಪಡೆಯದ ಹೊರತು ಫಿಲ್ಮು ಕೈಗೆ ಬರುತ್ತಿರಲಿಲ್ಲ. ಚಿತ್ರೀಕರಣ ಮುಗಿದು ಲ್ಯಾಬಿನಿಂದ ರಷಸ್, ಅಂದರೆ ಕತ್ತರಿ ಕಾಣದ ಮೊದಲ ಮುದ್ರಿತ ಪ್ರತಿ, ಬಂದಾಗ ಆ ಕಾಗದಕ್ಕೂ ತೆರೆಗೂ ನಡುವಿನ ಅಂತರ ನಿರ್ದಾಕ್ಷಿಣ್ಯವಾಗಿ ಕಾಣುತ್ತಿತ್ತು. ಸಂಕಲನದ ಕೋಣೆಯಲ್ಲಿ ಬಿಳಿ ಕೈಗವಸು ತೊಟ್ಟ ವಿದ್ಯಾರ್ಥಿ ಸ್ಟೀನ್‌ಬೆಕ್ ಎಂಬ ಸಂಕಲನಯಂತ್ರದ ಮೇಜಿನ ಮೇಲೆ ಚಿತ್ರದ ಪಟ್ಟಿಯನ್ನೂ ಶಬ್ದದ ಪಟ್ಟಿಯನ್ನೂ ಜೊತೆಜೊತೆಗೆ ಓಡಿಸಿ, ಮೇಣದ ಪೆನ್ಸಿಲಿನಿಂದ ಚೌಕಟ್ಟಿನ ಮೇಲೆ ಗೆರೆ ಎಳೆದು, ಅಲ್ಲಿಯೇ ಕತ್ತರಿಸಿ, ಪಾರದರ್ಶಕ ಅಂಟುಪಟ್ಟಿಯಿಂದ ಮುಂದಿನ ತುಂಡಿಗೆ ಕೂಡಿಸುತ್ತಿದ್ದ. ಬೇಡವಾದ ತುಂಡುಗಳು ಬಟ್ಟೆ ಹೊದಿಸಿದ ತೊಟ್ಟಿಯ ಮೇಲೆ ಕೊಕ್ಕೆಗಳಿಗೆ ನೇತಾಡುತ್ತಿದ್ದವು. ಎರಡು ಚೌಕಟ್ಟು ಹೆಚ್ಚು ಕತ್ತರಿಸಿದರೆ ಆ ಎರಡು ಚೌಕಟ್ಟನ್ನು ತೊಟ್ಟಿಯಲ್ಲಿ ಹುಡುಕಿ ತಂದು ಮತ್ತೆ ಅಂಟಿಸಬೇಕಿತ್ತು. ತಪ್ಪಿಗೆ ಮೈಯಿದ್ದ ಕಾಲ ಅದು. ವಿದ್ಯಾರ್ಥಿ ತನ್ನ ಕೆಲಸವನ್ನು ಹಿಂದಿರುಗಿ ನೋಡುವ ಅಭ್ಯಾಸ ಬೇರೂರಿದ್ದು ಪ್ರಬಂಧ ಬರೆಯಬೇಕೆಂಬ ನಿಯಮದಿಂದಲ್ಲ, ಈ ಮೇಜಿನ ಮುಂದೆ ಕೂತ ತಾಸುಗಳಿಂದ.

ಒಟ್ಟಾಗಿ ಮಾಡುವ ಕೆಲಸವೆಂದ ಮೇಲೆ ಜಗಳವೂ ಅದರ ಭಾಗವೇ. ಗಿರೀಶ ಕಾರ್ನಾಡರು ಸಂಸ್ಥೆಯ ನಿರ್ದೇಶಕರಾಗಿದ್ದ 1974-75ರ ಅವಧಿಯಲ್ಲಿ ನಟನಾ ವಿಭಾಗದ ವಿದ್ಯಾರ್ಥಿಗಳು, ನಿರ್ದೇಶನದ ವಿದ್ಯಾರ್ಥಿಗಳು ತಮ್ಮ ಡಿಪ್ಲೊಮಾ ಚಿತ್ರಗಳಿಗೆ ಹೊರಗಿನ ನಟರನ್ನು ಕರೆಯದೆ ತಮ್ಮನ್ನೇ ತೆಗೆದುಕೊಳ್ಳಬೇಕೆಂದು ಮುಷ್ಕರ ಹೂಡಿದರು. ನಾಸಿರುದ್ದೀನ್ ಶಾ ಮುಂಚೂಣಿಯಲ್ಲಿದ್ದ ಈ ಪ್ರಕರಣ ಅವರ ಆತ್ಮಕಥೆಯಲ್ಲಿಯೂ ಬರುತ್ತದೆ. ನಟನಾ ವಿಭಾಗವೇ ಆ ದಶಕದಲ್ಲಿ ಮುಚ್ಚಿತು. ವಿದ್ಯಾರ್ಥಿ ಕಿರುಚಿತ್ರ ಯಾರದು ಎಂಬ ಪ್ರಶ್ನೆಗೆ ಅಂದು ಸಿಕ್ಕ ಉತ್ತರ ನಿರ್ದೇಶಕನ ಪರವಾಗಿತ್ತು, ಮತ್ತು ಅದು ನ್ಯಾಯವಾದ ಉತ್ತರವೇನೂ ಆಗಿರಲಿಲ್ಲ.

ಇದೇ ವರ್ಷಗಳಲ್ಲಿ ಅಲ್ಲಿ ಓದುತ್ತಿದ್ದವರು ತೀರ್ಥಹಳ್ಳಿ ಸೀಮೆಯ ಕೆಸಲೂರಿನಲ್ಲಿ ಹುಟ್ಟಿ, ಔಷಧವಿಜ್ಞಾನದ ಪದವಿ ಪಡೆದು ಪುಣೆಗೆ ಬಂದಿದ್ದ ಗಿರೀಶ ಕಾಸರವಳ್ಳಿ. ಅವರ ಡಿಪ್ಲೊಮಾ ಚಿತ್ರ ‘ಅವಶೇಷ್’ 1975ರಲ್ಲಿ ರಾಷ್ಟ್ರಪತಿಗಳ ರಜತ ಕಮಲ ಪಡೆಯಿತು. ಬಿ. ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದ ಅವರು, 1977ರಲ್ಲಿ ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ದೊಂದಿಗೆ ಸ್ವರ್ಣ ಕಮಲ ಗೆದ್ದಾಗ, ಅವರ ವಯಸ್ಸನ್ನು ಕಂಡು ಬೆರಗಾದವರೇ ಹೆಚ್ಚು. ಆ ಚಿತ್ರದ ಮಿತವ್ಯಯದಲ್ಲಿ, ಹೇಳದೆ ಬಿಟ್ಟದ್ದರ ಮೇಲಿನ ಭರವಸೆಯಲ್ಲಿ, ಅಡಿಗಳನ್ನು ಎಣಿಸಿ ಕಲಿತ ಕೈಯ ಗುರುತನ್ನು ಕಾಣುವುದು ಅತಿಶಯೋಕ್ತಿಯಲ್ಲ. ಪುಣೆಯ ರಸಗ್ರಹಣದ ಪಾಠ ಕನ್ನಡನಾಡಿಗೆ ಬಂದ ಇನ್ನೊಂದು ದಾರಿ ಹೆಗ್ಗೋಡಿನದು. ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಆರಂಭಿಸಿ, ಮುಂದೆ ಸತೀಶ್ ಬಹಾದ್ದೂರರನ್ನೇ ಕರೆಸಿ ಶಿಬಿರ ನಡೆಸಿದ್ದರಿಂದ, ಕ್ಯಾಮೆರಾವನ್ನು ಎಂದೂ ಮುಟ್ಟದ ಅಡಿಕೆ ತೋಟದ ಊರಿನವರಿಗೂ ಷಾಟ್, ಸಂಕಲನಗಳ ಮಾತು ಪರಿಚಿತವಾಯಿತು.

ಡಿಜಿಟಲ್ ಕ್ಯಾಮೆರಾ ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. 2013ರಲ್ಲಿ ಫ್ಯೂಜಿ ಕಂಪನಿ ಚಿತ್ರೀಕರಣದ ಫಿಲ್ಮು ತಯಾರಿಕೆಯನ್ನೇ ನಿಲ್ಲಿಸುವ ಹೊತ್ತಿಗೆ, ಒಂದು ಮೆಮೊರಿ ಕಾರ್ಡಿನಲ್ಲಿ ಹಿಂದಿನ ಡಿಪ್ಲೊಮಾ ಚಿತ್ರವೊಂದರ ಇಡೀ ಪಡಿತರಕ್ಕಿಂತ ಹೆಚ್ಚು ಹಿಡಿಸುತ್ತಿತ್ತು. ಅಡಿಗಳ ಭಯ ಹೋದ ಮೇಲೆ ಅಭ್ಯಾಸದ ಶಿಸ್ತು ಸಡಿಲವಾಯಿತೆಂಬ ಹಳಬರ ದೂರಿನಲ್ಲಿ ಸತ್ಯಾಂಶವಿದೆಯಾದರೂ, ಫಿಲ್ಮಿನ ಬೆಲೆ ತೆರಲಾಗದೆ ಹೊರಗೇ ಉಳಿದಿದ್ದವರ ಲೆಕ್ಕವನ್ನು ಆ ದೂರು ಹಿಡಿಯುವುದಿಲ್ಲ. ಶಾಲೆಗಳು ಈ ಸಡಿಲಿಕೆಗೆ ಕಂಡುಕೊಂಡ ಉಪಾಯ, ವಸ್ತುವಿನ ಅಭಾವದ ಜಾಗದಲ್ಲಿ ನಿಯಮದಿಂದ ಹುಟ್ಟಿಸಿದ ಅಭಾವವನ್ನು ಕೂರಿಸುವುದು: ಇಷ್ಟೇ ದಿನ, ಇಷ್ಟೇ ದೂರ, ಇಷ್ಟೇ ನಿಮಿಷ.

ಈ ಕಟ್ಟಳೆಗಳೊಳಗೆ ಬಂದ ಚಿತ್ರಗಳಲ್ಲಿ ಕನ್ನಡಿಗರಿಗೆ ಹತ್ತಿರವಾದದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರದು. ವೈದ್ಯಕೀಯ ಓದಿ ಪುಣೆಗೆ ಹೋದ ಅವರು ಅಲ್ಲಿಯ ಟೆಲಿವಿಷನ್ ವಿಭಾಗದ ಒಂದು ವರ್ಷದ ತರಬೇತಿಯ ಕೊನೆಯಲ್ಲಿ, ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಮಾಡುವ ಅಭ್ಯಾಸಕ್ಕೆಂದು ಈ ಕನ್ನಡ ಚಿತ್ರವನ್ನು ನಿರ್ದೇಶಿಸಿದರು. ಊರಿನ ಹುಂಜವನ್ನು ಮುದುಕಿಯೊಬ್ಬಳು ಕದ್ದೊಯ್ದದ್ದರಿಂದ ಬೆಳಗೇ ಆಗದೆ ಹೋಗುವ ಜಾನಪದ ಕಥೆ ಅದರದು. ಕಥೆಯೇ ಕತ್ತಲನ್ನು ಕೇಳುವುದರಿಂದ ಚಿತ್ರೀಕರಣ ರಾತ್ರಿಯಲ್ಲಿಯೇ ನಡೆಯಬೇಕಾಗಿತ್ತು, ಮತ್ತು ಅದಕ್ಕೆ ದೊರೆತದ್ದು ನಾಲ್ಕು ದಿನ. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಹೆಸರಿನಲ್ಲಿ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗಕ್ಕೆ ಹೋದ ಈ ಚಿತ್ರ, 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ಕೆಯಾದ 18ರೊಳಗೊಂದಾಗಿ, ಮೊದಲ ಬಹುಮಾನವನ್ನೂ ಪಡೆಯಿತು. ಎಲ್ಲರೂ ಬೆಳಕಿಗಾಗಿ ಪರದಾಡುವ ಅಭ್ಯಾಸಚಿತ್ರದಲ್ಲಿ ಕತ್ತಲನ್ನೇ ಬಂಡವಾಳ ಮಾಡಿಕೊಂಡ ಈ ಆಯ್ಕೆಯಲ್ಲಿ, ಕೊರತೆಯನ್ನು ಕಥೆಯೊಳಕ್ಕೆ ತಂದುಕೊಳ್ಳುವ ಹಳೆಯ ಪಾಠವೇ ಇದೆ.

ಅದೇ 2024ರಲ್ಲಿ ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ದೊಡ್ಡ ಚಿತ್ರಗಳಿಗೆ ಸಲ್ಲುವ ಈ ಆರೈಕೆ ವಿದ್ಯಾರ್ಥಿ ಚಿತ್ರಗಳಿಗೆ ಸಲ್ಲುವುದು ಅಪರೂಪ. ಅವುಗಳ ಬೆನ್ನಿಗಿದ್ದ ಕಾಗದಗಳಿಗಂತೂ ಹೇಳುವವರು ಕೇಳುವವರಿಲ್ಲ. ಸಿನಿಮಾವನ್ನೂ ದೃಶ್ಯಮಾಧ್ಯಮವನ್ನೂ ಕಲಿಸುವ ಕರ್ನಾಟಕದ ಕಾಲೇಜುಗಳಲ್ಲಿ ಇಂದು ವಿದ್ಯಾರ್ಥಿಗಳು ತಮ್ಮ ಕಿರುಚಿತ್ರದೊಂದಿಗೆ ಒಪ್ಪಿಸುವ ಷಾಟ್ ಪಟ್ಟಿ, ನೆಲದ ನಕ್ಷೆ, ಅನುಭವದ ವರದಿಗಳು ಅಂಕ ಬಿದ್ದ ಕೂಡಲೇ ರದ್ದಿಗೆ ಹೋಗದಂತೆ ನೋಡಿಕೊಳ್ಳಲು ದೊಡ್ಡ ಸಂಗ್ರಹಾಲಯವೇನೂ ಬೇಕಿಲ್ಲ. ಪ್ರತಿ ವರ್ಷದ ತಂಡದ್ದು ಒಂದು ಕಟ್ಟು, ಅದಕ್ಕೊಂದು ಪಟ್ಟಿ, ಗ್ರಂಥಾಲಯದಲ್ಲಿ ಒಂದು ಕಪಾಟು ಸಾಕು. ಈ ಕೆಲಸವನ್ನು ಅಧ್ಯಾಪಕರು ಈ ವರ್ಷದ ತಂಡದಿಂದಲೇ ಆರಂಭಿಸಬೇಕು.